ಸಯಾಮೀಸ್ ಡಂಬೊ ರೆಕ್ಸ್ ಇಲಿ ಮರಿ ಮಾಡಿಸಬೇಕು, ಹೇಗೆ? ಬಾಲ ಇಲ್ಲದ ಗಂಡು ತಗೊಳ್ಳಬಹುದಾ?

ಸಾಲಗಾಮೆ ರೋಡ್ (ಹಾಸನ):

ಎಲ್ಲರಿಗೂ ನಮಸ್ಕಾರ. ನನ್ನ ಹತ್ತಿರ ಎರಡು ಹೆಣ್ಣು ಇಲಿ ಇವೆ. ಒಂದು ಕಪ್ಪು ಹುಡೆಡ್ ಡಂಬೊ. ತಲೆ, ಭುಜ ಕಪ್ಪು, ಬೆನ್ನ ಮೇಲೆ ಒಂದು ಕಪ್ಪು ಪಟ್ಟೆ, ಉಳಿದದ್ದು ಬಿಳಿ, ಕಿವಿ ದೊಡ್ಡದು ಮತ್ತು ತಲೆಯ ಪಕ್ಕಕ್ಕೆ ಇಳಿದಿದೆ. ಇನ್ನೊಂದು ಕಂದು ಬಣ್ಣದ ರೆಕ್ಸ್, ಮೈಯೆಲ್ಲಾ ಗುಂಗುರು ಕೂದಲು, ಮೀಸೆಯೂ ಸುರುಳಿ ಸುರುಳಿ. ಎರಡೂ ತುಂಬಾ ಸಾಧು. ಸಂಜೆ ಬಾಗಿಲು ತೆಗೆದರೆ ತಾವೇ ಬಂದು ಕೈ ಮೇಲೆ ಹತ್ತುತ್ತವೆ.

ಬೆಂಗಳೂರಿನಲ್ಲಿ ಒಬ್ಬರು ಕೆಲಸದ ಮೇಲೆ ಊರು ಬಿಡುತ್ತಿದ್ದಾರೆ, ಅವರ ಸಯಾಮೀಸ್ ಗಂಡನ್ನು ನನಗೆ ಕೊಡುತ್ತೇನೆ ಅಂದಿದ್ದಾರೆ. ಕೆನೆ ಬಣ್ಣದ ಮೈ, ಮೂಗು, ಕಿವಿ, ಪಾದ, ಬಾಲದ ಬುಡ ಕಪ್ಪುಗಂದು. ಫೋಟೊ ನೋಡಿದಾಗಿನಿಂದ ನನಗೆ ಒಂದೇ ಆಸೆ, ಸಯಾಮೀಸ್ ಬಣ್ಣ, ಡಂಬೊ ಕಿವಿ, ರೆಕ್ಸ್ ಕೂದಲು ಮೂರೂ ಇರುವ ಮರಿ ನಮ್ಮ ಮನೆಯಲ್ಲಿ ಹುಟ್ಟಬೇಕು. ಯಾವುದನ್ನು ಯಾವುದಕ್ಕೆ ಕೂಡಿಸಬೇಕು, ಎಷ್ಟು ತಲೆಮಾರು ಬೇಕು?

ಜೊತೆಗೆ ಒಂದು ಅಂಗಡಿಯವರು ಬಾಲವೇ ಇಲ್ಲದ ಗಂಡು ತರಿಸಿಕೊಡುತ್ತೇನೆ, ಅದರ ಮರಿಗೆ ಒಳ್ಳೆ ರೇಟು ಬರುತ್ತದೆ ಅಂತಿದ್ದಾರೆ. ಅದು ಬೇಕಾ? ಮನೆಯಲ್ಲಿ ಅಮ್ಮನಿಗೆ ಇಲಿ ಜ್ವರದ ಭಯ ಬೇರೆ. ಮಳೆಗಾಲಕ್ಕೆ ಮುಂಚೆ ಮರಿ ಮಾಡಿಸಿದರೆ ಒಳ್ಳೆಯದಾ, ಆಮೇಲಾ? ಗೊತ್ತಿರುವವರು ದಯವಿಟ್ಟು ಬಿಡಿಸಿ ಹೇಳಿ.

ಆಲ್ದೂರು ತೋಟ:

ಮೊದಲು ಲೆಕ್ಕ ಹೇಳುತ್ತೇನೆ, ಆಸೆ ಆಮೇಲೆ ನೋಡೋಣ.

ರೆಕ್ಸ್ ಪ್ರಬಲ ಗುಣ. ಅಪ್ಪ ಅಮ್ಮನಲ್ಲಿ ಒಬ್ಬರು ರೆಕ್ಸ್ ಆಗಿದ್ದರೆ ಸಾಕು, ಸುಮಾರು ಅರ್ಧ ಮರಿಗಳು ಗುಂಗುರಾಗಿ ಬರುತ್ತವೆ. ಡಂಬೊ ಹಾಗಲ್ಲ, ಅದು ಅಡಗಿ ಕೂರುವ ಗುಣ, ಎರಡೂ ಕಡೆಯಿಂದ ಬಂದರೆ ಮಾತ್ರ ಕಿವಿ ಇಳಿಯುತ್ತದೆ. ಸಯಾಮೀಸ್ ಕೂಡ ಹಾಗೇ. ಹಾಗಾಗಿ ಈ ಗಂಡನ್ನು ನಿಮ್ಮ ಡಂಬೊ ಹೆಣ್ಣಿಗೆ ಕೂಡಿಸಿದರೆ ಮೊದಲ ಸೂಲಿನಲ್ಲಿ ನಿಮಗೆ ಸಯಾಮೀಸೂ ಕಾಣುವುದಿಲ್ಲ, ಡಂಬೊನೂ ಕಾಣುವುದಿಲ್ಲ, ಆ ಗುಣಗಳು ಅವರವರ ಸಂಗಾತಿಯಲ್ಲಿ ಮೊದಲೇ ಅಡಗಿದ್ದರೆ ಮಾತ್ರ ಬೇರೆ ಮಾತು. ಎಲ್ಲಾ ಕಪ್ಪು ಬಣ್ಣದ, ಸಾದಾ ಕಿವಿಯ ಮರಿಗಳು. ತುಂಬಾ ಜನ ಇಲ್ಲೇ ಬೇಸರವಾಗಿ ಮರಿಗಳನ್ನು ಯಾರಿಗೋ ಕೊಟ್ಟುಬಿಡುತ್ತಾರೆ. ಆದರೆ ಆ ಸಾದಾ ಮರಿಗಳ ಒಳಗೇ ಎರಡೂ ಗುಣ ಇರುತ್ತವೆ.

ರೆಕ್ಸ್ ಹೆಣ್ಣಿಗೆ ಅದೇ ಗಂಡನ್ನು ಕೂಡಿಸಿದರೆ ಅರ್ಧ ರೆಕ್ಸ್ ಬರುತ್ತವೆ, ಸಯಾಮೀಸ್ ಅಡಗಿರುತ್ತದೆ. ಎರಡನೇ ತಲೆಮಾರಿನಲ್ಲಿ ಈ ಸೂಲಿನ ಒಂದು ರೆಕ್ಸ್ ಗಂಡು, ಡಂಬೊ ತಾಯಿಯ ಸೂಲಿನ ಒಂದು ಹೆಣ್ಣು ಕೂಡಿಸಿದರೆ ನಾಲ್ಕರಲ್ಲಿ ಒಂದು ಸಯಾಮೀಸ್, ಅದರಲ್ಲಿ ಅರ್ಧ ರೆಕ್ಸ್. ಅಂದರೆ ಎಂಟಕ್ಕೆ ಒಂದು ಸಯಾಮೀಸ್ ರೆಕ್ಸ್. ಡಂಬೊ ಮೂರನೇ ತಲೆಮಾರಿಗೆ. ಮೂರನ್ನೂ ಒಂದೇ ಏಟಿಗೆ ಹಿಡಿಯಬೇಕು ಅಂದರೆ, ಇಬ್ಬರಲ್ಲೂ ಡಂಬೊ ಮತ್ತು ಸಯಾಮೀಸ್ ಅಡಗಿದ್ದು ಒಬ್ಬರು ರೆಕ್ಸ್ ಆಗಿದ್ದರೂ, 32 ಮರಿಗೆ ಒಂದು. ಒಂದು ಸೂಲಿಗೆ ಹತ್ತು ಹನ್ನೆರಡು ಮರಿ ಹಾಕುತ್ತವೆ ಅಂತ ಇಟ್ಟುಕೊಳ್ಳಿ. ಉಳಿದ 31 ಮರಿಗೆ ಮನೆ ಎಲ್ಲಿ? ಹಾಸನದಲ್ಲಿ ಇಲಿ ಸಾಕುತ್ತೇನೆ ಅನ್ನುವ ಎಷ್ಟು ಮನೆ ನಿಮಗೆ ಗೊತ್ತು? ಇದನ್ನು ಗಂಡು ಮನೆಗೆ ಬರುವ ಮೊದಲೇ ಯೋಚಿಸಿ. ಕೇಳಿದವರಿಗೆಲ್ಲ ಕೊಟ್ಟರೆ ಕೆಲವು ಹಾವು ಸಾಕುವವರ ಕೈಗೆ ಆಹಾರವಾಗಿ ಹೋಗುತ್ತವೆ, ಇದು ನಿಜವಾಗಿ ಆಗುತ್ತದೆ.

ಇನ್ನೆರಡು ಮಾತು. ರೆಕ್ಸಿಗೆ ರೆಕ್ಸ್ ಕೂಡಿಸಬೇಡಿ. ಕಾಲು ಭಾಗ ಮರಿಗಳು ಡಬಲ್ ರೆಕ್ಸ್ ಆಗಿ ಕೂದಲು ತೇಪೆ ತೇಪೆಯಾಗಿ ಉದುರುತ್ತದೆ. ಮತ್ತೆ ಹುಡೆಡ್ ಬಿಳಿ, ಸಯಾಮೀಸ್ ಎರಡೂ ಒಂದೇ ಮೈಯಲ್ಲಿ ಚೆನ್ನಾಗಿರುವುದಿಲ್ಲ. ಬಿಳಿ ಇರುವ ಕಡೆ ಸಯಾಮೀಸಿನ ಕಪ್ಪು ಬರುವುದಿಲ್ಲ, ಬಾಲದ ಬುಡ, ಹಿಂಗಾಲು ಖಾಲಿ ಉಳಿಯುತ್ತವೆ. ಕಂದು ಬಣ್ಣವೂ ಆ ಕಪ್ಪನ್ನು ತೆಳು ಮಾಡುತ್ತದೆ. ನಿಮಗೆ ಗಾಢವಾದ ಸಯಾಮೀಸ್ ಬೇಕಾದರೆ ಎರಡನೇ ತಲೆಮಾರಿಗೆ ಕಡಿಮೆ ಬಿಳಿ ಇರುವ ಕಪ್ಪು ಮರಿಗಳನ್ನೇ ಇಟ್ಟುಕೊಳ್ಳಿ.

ಒಂದು ಖುಷಿಯ ವಿಷಯ. ಸಯಾಮೀಸಿನಲ್ಲಿ ಬಣ್ಣ ಮಾಡುವ ಕಿಣ್ವ ಮೈ ಬೆಚ್ಚಗಿರುವ ಕಡೆ ಕೆಲಸ ಮಾಡುವುದಿಲ್ಲ, ತಣ್ಣಗಿರುವ ತುದಿಗಳಲ್ಲಿ ಮಾತ್ರ ಮಾಡುತ್ತದೆ. ಅದಕ್ಕೇ ಮರಿಗಳು ಹುಟ್ಟಿದಾಗ ಒಂದೇ ಬಣ್ಣ, ಬೆಳೆದ ಮೇಲೆ ಮೂಗು, ಬಾಲ ಕಪ್ಪಾಗುವುದು. ನಮ್ಮ ಕಡೆ ಚಳಿಗಾಲದಲ್ಲಿ ಹೊಸದಾಗಿ ಬೆಳೆಯುವ ಕೂದಲು ಇನ್ನೂ ಗಾಢ. ಬೆಂಗಳೂರಿನ ಫೋಟೊಗಿಂತ ಮಲೆನಾಡಿನಲ್ಲಿ ನಿಮ್ಮ ಗಂಡು ಜಾಸ್ತಿ ಕಪ್ಪಾಗಿ ಕಂಡರೆ ಕಾಯಿಲೆ ಅಂದುಕೊಳ್ಳಬೇಡಿ.

ಪಶುವೈದ್ಯೆ, ಹಾಸನ:

ಬಾಲವಿಲ್ಲದ ಗಂಡು ಬೇಡ. ಇದರಲ್ಲಿ ನಾನು ಮೆತ್ತಗೆ ಹೇಳುವುದಿಲ್ಲ.

ಇಲಿಗೆ ಬಾಲ ಅಂದರೆ ಸುಮ್ನೆ ಅಂದಕ್ಕೆ ಅಲ್ಲ. ಇಲಿ ನಮ್ಮ ಹಾಗೆ ಬೆವರುವುದಿಲ್ಲ, ಮೈಯ ಬಿಸಿಯನ್ನು ಬಾಲದ ರಕ್ತನಾಳಗಳ ಮೂಲಕ ಹೊರಗೆ ಬಿಡುತ್ತದೆ. ಹತ್ತುವಾಗ ಇಳಿಯುವಾಗ ತೂಕ ಹಿಡಿಯುವುದೂ ಬಾಲದಿಂದಲೇ. ಬಾಲ ಇಲ್ಲದ ತಳಿಯಲ್ಲಿ ತೊಂದರೆ ಬಾಲಕ್ಕೆ ನಿಲ್ಲದೆ ಬೆನ್ನುಮೂಳೆಗೂ ಸೊಂಟದ ಮೂಳೆಗೂ ಹೋಗಬಹುದು. ಕೆಲವು ಮರಿಗಳಿಗೆ ಹಿಂಗಾಲು ಎಳೆಯುತ್ತದೆ, ಮೂತ್ರ ಮಲ ಹಿಡಿತದಲ್ಲಿ ಇರುವುದಿಲ್ಲ, ಹೆಣ್ಣು ಆದರೆ ಮರಿ ಹಾಕುವಾಗ ಕಷ್ಟ. ಬ್ರಿಟನ್ನಿನ ನ್ಯಾಷನಲ್ ಫ್ಯಾನ್ಸಿ ರ್‍ಯಾಟ್ ಸೊಸೈಟಿ 1976ರಿಂದ ಇದೆ, ಇಲಿಗಳ ಪ್ರದರ್ಶನ ನಡೆಸುವುದೇ ಅವರ ಕೆಲಸ. ಅವರೇ ಬಾಲವಿಲ್ಲದ್ದನ್ನೂ ಕೂದಲಿಲ್ಲದ್ದನ್ನೂ ತಮ್ಮ ಪ್ರದರ್ಶನಕ್ಕೆ ಸೇರಿಸುವುದಿಲ್ಲ. ಕೂದಲಿಲ್ಲದ ತಾಯಂದಿರಿಗೆ ಎಷ್ಟೋ ಸಲ ಹಾಲು ಸಾಲುವುದಿಲ್ಲ, ಮರಿಗಳು ಹೊಟ್ಟೆಗಿಲ್ಲದೆ ಸಾಯುತ್ತವೆ. ಹಾಸನದ ಚಳಿಯಲ್ಲಂತೂ ಅವಕ್ಕೆ ಮೈ ಬೆಚ್ಚಗಿಟ್ಟುಕೊಳ್ಳುವುದೇ ದೊಡ್ಡ ಕೆಲಸ.

ಹಣೆಯ ಮೇಲೆ ಬಿಳಿ ನಾಮ ಇರುವ, ಮೈ ಬಹುಪಾಲು ಬಿಳಿ ಇರುವ ಇಲಿಗಳ ಬಗ್ಗೆಯೂ ಹುಷಾರು. ನೋಡಲು ಚೆಂದ, ಅದಕ್ಕೇ ಬೇಡಿಕೆ ಜಾಸ್ತಿ. ಆದರೆ ಅಂಥ ಕೆಲವು ವಂಶಗಳಲ್ಲಿ ಮೆಗಾಕೋಲನ್ ಅನ್ನುವ ಕಾಯಿಲೆ ಬರುತ್ತದೆ. ದೊಡ್ಡ ಕರುಳಿಗೆ ನರಗಳು ಸರಿಯಾಗಿ ಹೋಗಿರುವುದಿಲ್ಲ, ಮಲ ಮುಂದೆ ಸಾಗುವುದಿಲ್ಲ. ಹಾಲು ಬಿಡುವ ಹೊತ್ತಿಗೆ ಮರಿಯ ಹೊಟ್ಟೆ ಉಬ್ಬಿ ನಿಲ್ಲುತ್ತದೆ. ಅಂಥ ಒಂದು ಮರಿ ಬಂದರೂ ಆ ಜೋಡಿಯನ್ನು ಮತ್ತೆ ಕೂಡಿಸಬಾರದು.

ಬಣ್ಣ, ಕಿವಿ, ಕೂದಲು ಎಲ್ಲಕ್ಕಿಂತ ಮೊದಲು ಶ್ವಾಸಕೋಶ ನೋಡಿ. ಸಾಕಿದ ಇಲಿಗಳಲ್ಲಿ ಮೈಕೋಪ್ಲಾಸ್ಮಾ ಅನ್ನುವ ಸೋಂಕು ಬಹಳ ಸಾಮಾನ್ಯ. ಸುಮ್ಮನೆ ಒಳಗಿರುತ್ತದೆ, ಮೈ ಸೋತಾಗ ಎದ್ದುಬರುತ್ತದೆ. ಸೀನು, ಎದೆಯಲ್ಲಿ ಕರಕರ ಶಬ್ದ, ಕಣ್ಣು ಮೂಗಿನ ಸುತ್ತ ಕೆಂಪು. ಆ ಕೆಂಪು ರಕ್ತ ಅಲ್ಲ, ಕಣ್ಣಿನ ಹಿಂದಿನ ಗ್ರಂಥಿಯಿಂದ ಬರುವ ಪಾರ್ಫಿರಿನ್ ಅನ್ನುವ ಬಣ್ಣ, ಆದರೆ ಇಲಿ ಒತ್ತಡದಲ್ಲೋ ಕಾಯಿಲೆಯಲ್ಲೋ ಇದೆ ಅನ್ನುವುದರ ಗುರುತು. ಈ ಸೋಂಕು ತಾಯಿಯಿಂದ ಮರಿಗೆ ಹೋಗುತ್ತದೆ. ಡಾಕ್ಸಿಸೈಕ್ಲಿನ್, ಎನ್ರೊಫ್ಲಾಕ್ಸಸಿನ್ ಬಳಸುತ್ತೇವೆ, ಆದರೆ ಪ್ರಮಾಣ ತೂಕ ನೋಡಿಯೇ ಹೇಳಬೇಕು. ಮನೆಯಲ್ಲಿ ಉಳಿದ ಮಾತ್ರೆ ಪುಡಿ ಮಾಡಿ ಹಾಕಬೇಡಿ. ಪದೇ ಪದೇ ಕರಕರ ಅನ್ನುವ ಇಲಿಯಿಂದ, ಎಷ್ಟೇ ಅಪರೂಪದ್ದಾಗಿರಲಿ, ಮರಿ ಮಾಡಿಸಬೇಡಿ. ಗಂಡಿಗೆ ಸ್ವಲ್ಪ ವಯಸ್ಸಾಗಲಿ ಅಂತ ಕಾಯುವುದು ಒಳ್ಳೆಯದು, ಅದರ ಉಸಿರು ಹೇಗಿದೆ, ಕಚ್ಚುವ ಬುದ್ಧಿ ಇದೆಯಾ ಅನ್ನುವುದು ಅಷ್ಟರಲ್ಲಿ ಗೊತ್ತಾಗುತ್ತದೆ. ಅದರ ಅಪ್ಪ ಅಮ್ಮ ಎಷ್ಟು ಕಾಲ ಬದುಕಿದ್ದವು ಅಂತ ಬೆಂಗಳೂರಿನವರನ್ನು ಕೇಳಿ. ಇಲಿಯ ಆಯಸ್ಸೇ ಎರಡರಿಂದ ಮೂರು ವರ್ಷ, ಹೆಣ್ಣುಗಳಿಗೆ ವಯಸ್ಸಾದ ಮೇಲೆ ಸ್ತನದ ಗಡ್ಡೆ ಬರುವುದು ತುಂಬಾ ಸಾಮಾನ್ಯ. ಕುತ್ತಿಗೆ ಪಕ್ಕದಿಂದ ತೊಡೆಸಂದಿನವರೆಗೆ ಎಲ್ಲಾದರೂ ಬರಬಹುದು, ಹಾಗಾಗಿ ಕೈಗೆತ್ತಿಕೊಂಡಾಗಲೆಲ್ಲ ಮುಟ್ಟಿ ನೋಡಿ.

ಮಾರಾಟದ ವಿಷಯ ಬಂದಿದ್ದರಿಂದ ಹೇಳುತ್ತೇನೆ. ಸಾಕುಪ್ರಾಣಿ ಅಂಗಡಿ ನಡೆಸಲು 2018ರ ಪೆಟ್ ಶಾಪ್ ನಿಯಮಗಳ ಪ್ರಕಾರ ರಾಜ್ಯ ಪ್ರಾಣಿ ಕಲ್ಯಾಣ ಮಂಡಳಿಯಲ್ಲಿ ನೋಂದಣಿ ಬೇಕು. ಆ ಅಂಗಡಿಯವರ ನೋಂದಣಿ ಪತ್ರ ತೋರಿಸಿ ಅಂತ ಕೇಳಿ.

ಸಕಲೇಶಪುರ ರವಿ:

ಬೇಸರ ಮಾಡಿಕೊಳ್ಳಬೇಡಿ, ಒಂದು ಪ್ರಶ್ನೆ. ನಮ್ಮಲ್ಲಿ ಭತ್ತದ ಕಣಜ, ಕಾಫಿ ಗೋಡೌನು ಎಲ್ಲಾ ಇಲಿ ಕಾಟ. ಏಲಕ್ಕಿಯನ್ನೂ ಬಿಡುವುದಿಲ್ಲ. ನೀವು ಸಾಕಿದ್ದು ತಪ್ಪಿಸಿಕೊಂಡು ಹೋಗಿ ಊರ ಇಲಿ ಜೊತೆ ಸೇರಿದರೆ? ಇಲಿ ಜ್ವರ ಇವುಗಳಿಂದ ಬರುವುದಿಲ್ಲವಾ? ನಮ್ಮ ಕಡೆ ಮಳೆಗಾಲದಲ್ಲಿ ಗದ್ದೆ ಕೆಲಸದವರಿಗೆ ಬಂದಿದ್ದು ನೋಡಿದ್ದೇನೆ, ಅದಕ್ಕೇ ಕೇಳಿದ್ದು.

ಪಶುವೈದ್ಯೆ, ಹಾಸನ:

ರವಿಯವರೇ, ಒಳ್ಳೆ ಪ್ರಶ್ನೆ, ಇದನ್ನು ಕೇಳಲೇಬೇಕು. ಸಾಕುವ ಇಲಿಯ ವೈಜ್ಞಾನಿಕ ಹೆಸರು ರ್‍ಯಾಟಸ್ ನಾರ್ವೆಜಿಕಸ್. ನಿಮ್ಮ ಅಟ್ಟದ ಮೇಲೆ ಓಡಾಡುವುದು ಹೆಚ್ಚಾಗಿ ರ್‍ಯಾಟಸ್ ರ್‍ಯಾಟಸ್. ಎರಡೂ ಸೇರಿ ಬದುಕುವ ಮರಿ ಆಗುವುದಿಲ್ಲ. ಹೆಗ್ಗಣ ಇನ್ನೂ ದೂರದ್ದು, ಅದರ ಕುಲವೇ ಬೇರೆ. ಆದರೆ ಪೇಟೆಯ ಚರಂಡಿ ಇಲಿ ಇದೇ ಜಾತಿ, ಅದರ ಜೊತೆ ಸೇರಬಲ್ಲದು. ಹಾಗಾಗಿ ಹಾಸನದಂಥ ಊರಲ್ಲಿ ತಪ್ಪಿಸಿಕೊಳ್ಳದ ಹಾಗೆ ನೋಡಿಕೊಳ್ಳುವುದು ಸಾಕುವವರ ಜವಾಬ್ದಾರಿ.

ಇಲಿ ಜ್ವರ, ಅಂದರೆ ಲೆಪ್ಟೊಸ್ಪೈರೋಸಿಸ್, ಸೋಂಕಿರುವ ಪ್ರಾಣಿಯ ಮೂತ್ರದಿಂದ, ಅದು ಬೆರೆತ ನೀರು ಕೆಸರಿನಿಂದ ಬರುತ್ತದೆ. ಸಾಕಿದ ಇಲಿಗೂ ಬರಬಹುದು. ಹೇಗೆ ಅಂದರೆ ಹೊರಗಿನ ಇಲಿ ಬಂದು ಅದರ ಗೂಡಿನ ಹತ್ತಿರ, ಅದರ ಕಾಳಿನ ಮೇಲೆ ಮೂತ್ರ ಮಾಡಿದರೆ. ಆದ್ದರಿಂದ ಅಮ್ಮನ ಭಯ ಸುಳ್ಳಲ್ಲ. ಹೊರಗಿನ ಇಲಿ ಒಳಗೆ ಬಾರದ ಕೋಣೆ, ಮುಚ್ಚಳ ಇರುವ ಡಬ್ಬಿಯಲ್ಲಿ ಕಾಳು, ಗೂಡು ಮುಟ್ಟಿದ ಮೇಲೆ ಸೋಪಿನಲ್ಲಿ ಕೈ ತೊಳೆಯುವುದು, ಕೈಯಲ್ಲಿ ಗಾಯ ಇದ್ದರೆ ಮುಟ್ಟದೇ ಇರುವುದು. ಇಷ್ಟು ಕಟ್ಟುನಿಟ್ಟಾಗಿ ಮಾಡಿ. ಜ್ವರ, ಮೈಕೈ ನೋವು ಬಂದರೆ ಡಾಕ್ಟರಿಗೆ ಮನೆಯಲ್ಲಿ ಇಲಿ ಸಾಕಿದ್ದೇವೆ ಅಂತ ಮೊದಲೇ ಹೇಳಿ.

ಬಸವನಹಳ್ಳಿ ಅಕ್ಕ (ಚಿಕ್ಕಮಗಳೂರು):

ತಳಿ ವಿಷಯ ಅವರಿಬ್ಬರು ಹೇಳಿದ್ದಾರೆ, ನಾನು ಸಾಕುವುದರ ಬಗ್ಗೆ ಹೇಳುತ್ತೇನೆ. ನಮ್ಮ ಮಳೆ ನೆನಪಿಟ್ಟುಕೊಂಡು ಓದಿ. ಆಷಾಢದಲ್ಲಿ ಸೋನೆ ಹಿಡಿದರೆ ಕಿಟಕಿ ಎಲ್ಲಾ ಮುಚ್ಚುತ್ತೇವೆ, ಅಲ್ವಾ? ಗೂಡಿನಲ್ಲಿ ಮೂತ್ರದಿಂದ ಅಮೋನಿಯಾ ಏಳುತ್ತದೆ, ಹೊರಗೆ ಹೋಗಲು ದಾರಿ ಇಲ್ಲ, ಅದೇ ಗಾಳಿಯನ್ನು ಇಲಿ ರಾತ್ರಿಯಿಡೀ ಎಳೆದುಕೊಳ್ಳುತ್ತದೆ. ಶ್ವಾಸಕೋಶ ಕೆಡುವುದು ಇಲ್ಲಿಂದಲೇ. ಹಾಸಿದ ಬಟ್ಟೆಗೆ ಮೂಗಿಟ್ಟು ನೋಡಿ, ನಿಮಗೇ ಘಾಟು ಬಂದರೆ ಅವಕ್ಕೆ ಆಗಲೇ ಜಾಸ್ತಿ ಆಗಿದೆ. ನೇರ ಗಾಳಿ ಬಡಿಯದ ಹಾಗೆ, ಆದರೆ ಗಾಳಿಯಾಡುವ ಹಾಗೆ ಗೂಡು ಇಡಿ. ಆ ಕೋಣೆಯಲ್ಲಿ ಊದುಬತ್ತಿ, ಸೊಳ್ಳೆ ಕಾಯಿಲ್, ನುಸಿಗುಳಿಗೆ ಬೇಡ. ಬಚ್ಚಲ ಒಲೆಯ ಹೊಗೆ ಬರುವ ಕಡೆಯಂತೂ ಇಡಲೇಬೇಡಿ.

ಹಾಸಲು ಸಾಮಿಲ್ಲಿನ ಪುಡಿ ತರಬೇಡಿ. ಯಾವ ಯಾವ ಮರದ್ದೋ ಬೆರೆತಿರುತ್ತದೆ, ಧೂಳೂ ಬಹಳ. ಅಂಗಡಿಯ ಪೈನ್ ಮರದ ಸಿಪ್ಪೆ ಘಂ ಅನ್ನುತ್ತಿದ್ದರೆ ಆ ವಾಸನೆಯೇ ಅವುಗಳ ಉಸಿರಿಗೆ ಕೆಟ್ಟದ್ದು. ಭತ್ತದ ಹೊಟ್ಟು, ಹುಲ್ಲು ತಂದರೆ ಧೂಳಿನ ಜೊತೆ ನುಸಿಯೂ ಬರಬಹುದು. ನಾನು ಹಳೇ ಹತ್ತಿ ಬಟ್ಟೆ ತುಂಡು ಮಾಡಿ ಹಾಸುತ್ತೇನೆ, ಮೇಲೆ ಕಾಗದದ ಚೂರು. ನೂಲು ಬಿಟ್ಟಿದ್ದರೆ ಕತ್ತರಿಸಿ ತೆಗೆಯಿರಿ, ಮರಿಗಳ ಬೆರಳಿಗೆ ಸುತ್ತಿಕೊಳ್ಳುತ್ತದೆ. ಮಳೆಗಾಲದಲ್ಲಿ ಬಟ್ಟೆ ಒಣಗುವುದೇ ಕಷ್ಟ, ಆಗ ಕಾಗದವೇ ಜಾಸ್ತಿ. ಗೂಡಿನ ಕಂಬಿಗಳ ನಡುವೆ ಅರ್ಧ ಇಂಚಿಗಿಂತ ಹೆಚ್ಚು ಜಾಗ ಇರಬಾರದು. ತಂತಿಯ ತಳ ಇದ್ದರೆ ಮುಚ್ಚಿ, ಪಾದ ಹುಣ್ಣಾಗುತ್ತದೆ.

ಊಟಕ್ಕೆ ರಾಗಿ, ಜೋಳ, ಗೋಧಿ ನುಚ್ಚು, ಓಟ್ಸ್, ಜೊತೆಗೆ ಸೊಪ್ಪು, ಕ್ಯಾರೆಟ್. ಗಬ್ಬದ ಹೆಣ್ಣಿಗೂ ಹಾಲು ಕೊಡುವ ತಾಯಿಗೂ ಬೇಯಿಸಿದ ಮೊಟ್ಟೆ. ಅವರೆಕಾಳು, ಹುರುಳಿ ಏನೇ ಕೊಟ್ಟರೂ ಬೇಯಿಸಿ ಕೊಡಿ, ಹಸಿ ಕಾಳು ಬೇಡ. ಹಾಸನದವರು ಆಲೂಗಡ್ಡೆ ಬಗ್ಗೆ ಹುಷಾರಾಗಿರಿ, ಹಸಿರು ತಿರುಗಿದ್ದು, ಮೊಳಕೆ ಬಂದದ್ದು ವಿಷ. ಇಲಿಗೆ ವಾಂತಿ ಮಾಡಲು ಆಗುವುದಿಲ್ಲ, ಒಳಗೆ ಹೋದದ್ದು ಹೋಯಿತು. ತೋಟದ ಕಿತ್ತಳೆ ಇದ್ದರೆ ಗಂಡಿಗೆ ಸಿಪ್ಪೆ ಹಾಕಬೇಡಿ. ಸಿಪ್ಪೆಯ ಎಣ್ಣೆಯಲ್ಲಿರುವ ಲಿಮೊನೀನ್ ಗಂಡು ಇಲಿಯ ಮೂತ್ರಪಿಂಡಕ್ಕೆ ಹಾನಿ ಮಾಡುತ್ತದೆ. ಹೆಣ್ಣಿಗೆ ಹಾಗೆ ಆಗುವುದಿಲ್ಲ, ಗಂಡು ಇಲಿಯಲ್ಲಿ ಇರುವ ಒಂದು ಪ್ರೋಟೀನಿನಿಂದಲೇ ಅದು.

ಮತ್ತೆ, ಒಂಟಿಯಾಗಿ ಇಲಿ ಸಾಕುವುದು ಕ್ರೌರ್ಯ ಅಂತಲೇ ನನ್ನ ಅಭಿಪ್ರಾಯ. ನಿಮ್ಮ ಸಯಾಮೀಸ್ ಗಂಡು ಬಂದರೆ ಹೆಣ್ಣುಗಳ ಜೊತೆ ಯಾವಾಗಲೂ ಇಡಲು ಆಗುವುದಿಲ್ಲ. ಅದಕ್ಕೊಂದು ಗಂಡು ಜೊತೆ ಬೇಕು. ಬೆಂಗಳೂರಿನವರ ಹತ್ತಿರ ಅದರ ತಮ್ಮನೋ ಜೊತೆಗಾರನೋ ಇದ್ದರೆ ಎರಡನ್ನೂ ತನ್ನಿ.

ಸಾಲಗಾಮೆ ರೋಡ್ (ಹಾಸನ):

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಬಾಲವಿಲ್ಲದ್ದು ಬೇಡ ಅಂತ ಅಂಗಡಿಯವರಿಗೆ ಹೇಳಿದೆ. ಬೆಂಗಳೂರಿನವರನ್ನು ಕೇಳಿದೆ, ಸಯಾಮೀಸಿನ ಜೊತೆಯಲ್ಲೇ ಬೆಳೆದ ಒಂದು ಸಾದಾ ಬಿಳಿ ಗಂಡು ಇದೆಯಂತೆ, ಎರಡನ್ನೂ ಕೊಡುತ್ತಾರೆ. ಅಮ್ಮ ಪಶುವೈದ್ಯೆಯವರ ಉತ್ತರ ಪೂರ್ತಿ ಓದಿದರು, ಕಾಳಿನ ಡಬ್ಬಿಗೆ ಮುಚ್ಚಳ ಅವರೇ ಹುಡುಕಿ ಕೊಟ್ಟರು. ಮೂರೂ ಗುಣ ಒಟ್ಟಿಗೆ ಅನ್ನುವ ಆಸೆ ಸದ್ಯಕ್ಕೆ ಬದಿಗೆ. ರೆಕ್ಸ್ ಹೆಣ್ಣಿನಿಂದ ಒಂದೇ ಒಂದು ಸೂಲು ಮಾಡಿಸೋಣ ಅಂತ. ಅವಳಿಗೆ ಈಗ ಐದು ತಿಂಗಳು. ಗಂಡು ಬಂದ ಮೇಲೆ ಏನೇನು ಮಾಡಬೇಕು?

ಆಲ್ದೂರು ತೋಟ:

ವಯಸ್ಸು ಸರಿಯಾಗಿದೆ, ನಾಲ್ಕರಿಂದ ಆರು ತಿಂಗಳ ಒಳಗೆ ಮೊದಲ ಸೂಲು ಆದರೆ ಒಳ್ಳೆಯದು. ಹೊಸ ಗಂಡುಗಳನ್ನು ಬಂದ ದಿನವೇ ಹತ್ತಿರ ತರಬೇಡಿ. ಎರಡು ಮೂರು ವಾರ ಬೇರೆ ಕೋಣೆ, ಸಾಧ್ಯವಾದರೆ ಬೇರೆ ಮನೆಯೇ ಒಳ್ಳೆಯದು. ಸೀನು, ಹೇನು ಏನಾದರೂ ಇದ್ದರೆ ಅಷ್ಟರಲ್ಲಿ ಕಾಣುತ್ತದೆ. ಮೊದಲು ನಿಮ್ಮ ಹಳೇ ಇಲಿಗಳ ಕೆಲಸ ಮುಗಿಸಿ, ಆಮೇಲೆ ಹೊಸಬರ ಕಡೆ ಹೋಗಿ, ಉಲ್ಟಾ ಬೇಡ.

ಹೆಣ್ಣು ನಾಲ್ಕೈದು ದಿನಕ್ಕೊಮ್ಮೆ ಬೆದೆಗೆ ಬರುತ್ತದೆ. ಅದಕ್ಕೆ ಹತ್ತು ದಿನ ಜೊತೆಗಿಟ್ಟರೆ ಸಾಕು. 21ರಿಂದ 23 ದಿನಕ್ಕೆ ಮರಿ. ಮರಿ ಹಾಕುವ ಮೊದಲೇ ಗಂಡನ್ನು ತೆಗೆದುಬಿಡಿ, ಯಾಕೆಂದರೆ ಮರಿ ಹಾಕಿದ ಒಂದು ದಿನದೊಳಗೆ ತಾಯಿ ಮತ್ತೆ ಬೆದೆಗೆ ಬರುತ್ತದೆ. ಮೊದಲ ಮರಿಗಳಿಗೆ ಹಾಲು ಕೊಡುತ್ತಲೇ ಮತ್ತೊಂದು ಸೂಲು ಹೊರಬೇಕಾದರೆ ಅವಳ ಮೈ ಇಳಿದುಹೋಗುತ್ತದೆ. ಎರಡು ವಾರಕ್ಕೆ ಮರಿಗಳು ಕಣ್ಣು ಬಿಡುತ್ತವೆ. ಅಲ್ಲಿಂದ ಮುಂದೆ ದಿನಾ ಕೈಗೆತ್ತಿಕೊಳ್ಳಿ, ಸಾಧು ಆಗುವುದು ಆಗಲೇ. ಐದು ವಾರ ತುಂಬುವ ಮೊದಲು ಗಂಡು ಹೆಣ್ಣು ಬೇರೆ ಮಾಡಲೇಬೇಕು, ಇಲ್ಲದಿದ್ದರೆ ಅಣ್ಣ ತಂಗಿ, ತಾಯಿ ಮಗ ಅಂತ ನೋಡದೆ ಗಬ್ಬ ಆಗುತ್ತವೆ.

ಆ ಬಿಳಿ ಗಂಡು ಆಲ್ಬಿನೊ ಇರಬೇಕು. ಮುಂದೆ ಯಾವತ್ತಾದರೂ ಸಯಾಮೀಸ್ ಹೆಣ್ಣಿಗೆ ಕೂಡಿಸಿದರೆ ಮರಿಗಳೆಲ್ಲ ಹಿಮಾಲಯನ್ ಆಗಿ ಬರುತ್ತವೆ, ಬಿಳಿ ಮೈ, ತುದಿಗಳು ಮಾತ್ರ ಕಪ್ಪು. ನನಗಂತೂ ಸಯಾಮೀಸಿಗಿಂತ ಅದೇ ಇಷ್ಟ. ಬಣ್ಣಬಣ್ಣದ ಇಲಿ ಸಾಕುವ ಈ ಹುಚ್ಚು ಇಂದಿನದಲ್ಲ. ವಿಕ್ಟೋರಿಯಾ ರಾಣಿಯ ಕಾಲದಲ್ಲಿ ಇಲಿ ಹಿಡಿಯುವ ಕೆಲಸದ ಜ್ಯಾಕ್ ಬ್ಲ್ಯಾಕ್ ಅನ್ನುವವರು ಬೇರೆ ಬಣ್ಣದ್ದು ಸಿಕ್ಕರೆ ಕೊಲ್ಲದೆ ಸಾಕಿ ಮರಿ ಮಾಡಿಸುತ್ತಿದ್ದರು. 1901ರಲ್ಲಿ ಮೇರಿ ಡಗ್ಲಸ್ ಅನ್ನುವ ಮಹಿಳೆ ಹಟ ಹಿಡಿದು ಆಯ್ಲ್ಸ್‌ಬರಿ ಊರಿನ ಪ್ರದರ್ಶನದಲ್ಲಿ ಸುಂಡಿಲಿಗಳ ಜೊತೆ ಇಲಿಗೂ ಜಾಗ ಕೊಡಿಸಿದರು.

ಬಸವನಹಳ್ಳಿ ಅಕ್ಕ (ಚಿಕ್ಕಮಗಳೂರು):

ರೆಕ್ಸ್ ಮರಿಗಳ ಕಣ್ಣು ದಿನಾ ನೋಡಿ, ಸುರುಳಿ ರೆಪ್ಪೆ ಒಳಗೆ ಚುಚ್ಚಿ ಕೆಲವಕ್ಕೆ ಕಣ್ಣು ಕೆಂಪಾಗುತ್ತದೆ. ಮಳೆ ಪ್ರಶ್ನೆಗೆ ಯಾರೂ ಉತ್ತರ ಕೊಟ್ಟಿಲ್ಲ. ನನ್ನ ಮಾತು ಕೇಳಿದರೆ ಆಷಾಢ ಶ್ರಾವಣ ಕಳೆದ ಮೇಲೆ ಹೊಸ ಹೆಣ್ಣಿಗೆ ಕೂಡಿಸಿ, ದಸರಾ ಹೊತ್ತಿಗೆ ಮರಿ ಓಡಾಡುವ ಹಾಗೆ. ಆದರೆ ನಿಮ್ಮ ರೆಕ್ಸಿಗೆ ಈಗಲೇ ಐದು ತಿಂಗಳು ಅಂದಿರಲ್ಲ, ಅವಳಿಗೆ ಮಳೆ ಮುಗಿಯಲಿ ಅಂತ ಕಾಯಬೇಡಿ, ಗೂಡು ಒಣಗಿರುವ ಹಾಗೆ ನೋಡಿಕೊಂಡರೆ ಸಾಕು.

ಮತ್ತೆ ನನಗೆ ಎರಡು ಹೆಣ್ಣು ಮರಿ ಎತ್ತಿಡಿ. ರೆಕ್ಸ್ ಆದರೂ ಸರಿ, ಸಾದಾ ಆದರೂ ಸರಿ, ನಾನೇ ಹಾಸನಕ್ಕೆ ಬಂದು ತಗೊಂಡು ಹೋಗುತ್ತೇನೆ. ಉಳಿದವನ್ನೂ ಜೋಡಿ ಜೋಡಿಯಾಗಿಯೇ ಕೊಡಿ. ಒಂದೇ ಸಾಕು ಅನ್ನುವವರಿಗೆ ಕೊಡಬೇಡಿ.